ಬಿಯರ್ ಸಾಮಾನು: ಊರಿನ ಅಂಗಡಿಯೋ, ಆನ್‌ಲೈನೋ?

ಪೋರ್ಟ್‌ಲ್ಯಾಂಡಿನ ಪಕ್ಕದಲ್ಲಿ ಮನೆ ಇಟ್ಟುಕೊಂಡು ಬಿಯರ್ ಮಾಡುವ ಸಾಮಾನನ್ನು ಆನ್‌ಲೈನ್‌ನಲ್ಲಿ ತರಿಸುತ್ತೇನೆ ಅಂದರೆ ಇಲ್ಲಿನವರು ಒಂಥರಾ ನೋಡುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು ಹಾಪ್ಸ್, ಅದನ್ನು ಬೆಳೆಯುವ ವಿಲ್ಲಾಮೆಟ್ ಕಣಿವೆ ಇಲ್ಲೇ ಇದೆ. ಅದಕ್ಕಿಂತ ದೊಡ್ಡ ಹಾಪ್ಸ್ ಸೀಮೆ ಯಾಕಿಮಾ, ಅದೂ ಕಾರಿನಲ್ಲಿ ಮೂರು ಗಂಟೆ ಅಷ್ಟೇ. ಅಮೆರಿಕದ ಪೇಲ್ ಏಲ್ ಬಿಯರಿಗೆ ಹೆಸರು ತಂದ ಕ್ಯಾಸ್ಕೇಡ್ ಹಾಪ್ಸ್ ತಳಿ 1972ರಲ್ಲಿ ಹೊರಬಂದಿದ್ದು ಇದೇ ಒರೆಗಾನ್ ರಾಜ್ಯದ ಕೊರ್ವಾಲಿಸ್‌ನಿಂದ. ಯೀಸ್ಟ್ ಮಾಡುವ ವೈಯೀಸ್ಟ್ ಕಂಪನಿ ಹುಡ್ ರಿವರ್ ಕಡೆ. ನದಿ ದಾಟಿದರೆ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್, ಅಲ್ಲಿ 1934ರಿಂದ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಮಾಡುತ್ತಿರುವ ಗ್ರೇಟ್ ವೆಸ್ಟರ್ನ್. ಇನ್ನು ಪೋರ್ಟ್‌ಲ್ಯಾಂಡಿನ ಸ್ಟೈನ್‌ಬಾರ್ಟ್ ಅಂಗಡಿ 1918ರದು, ದೇಶದಲ್ಲೇ ಅತಿ ಹಳೆಯ ಹೋಂಬ್ರೂ ಅಂಗಡಿ, ಅಂದರೆ ಮನೆಯಲ್ಲಿ ಬಿಯರ್ ಮಾಡುವವರಿಗೆ ಸಾಮಾನು ಮಾರುವ ಅಂಗಡಿ, ಅಂತ ಹೆಸರು. ಒರೆಗಾನ್‌ನಲ್ಲಿ 1916ರಿಂದಲೇ ಪಾನನಿಷೇಧ ಇತ್ತು. ಅದರ ನಡುವೆ ಇಂಥ ಅಂಗಡಿ ತೆರೆದವರ ಧೈರ್ಯ ಮೆಚ್ಚಬೇಕು.

ಇಷ್ಟೆಲ್ಲ ಕಾಲ ಬುಡದಲ್ಲೇ ಇದ್ದೂ ನಾನು ಶುರು ಮಾಡಿದ್ದು ಎಕ್ಸೆಲ್ ಶೀಟಿನಿಂದ. ಹಿಲ್ಸ್‌ಬರೋದಲ್ಲಿ ಚಿಪ್ ಕೆಲಸ ಮಾಡುವವರ ಬುದ್ಧಿ ಇಷ್ಟೇ.

ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಇದು ಕದ್ದು ಮುಚ್ಚಿ ಮಾಡುವ ಕೆಲಸ ಅಲ್ಲ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರನ್ನು ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು. ಮಾರುವ ಹಾಗಿಲ್ಲ. ರಾಜ್ಯಗಳು ಒಂದೊಂದಾಗಿ ಒಪ್ಪುತ್ತಾ ಬಂದವು. ಕೊನೆಗೆ ಸೇರಿದ್ದು ಅಲಬಾಮಾ ಮತ್ತು ಮಿಸಿಸಿಪ್ಪಿ, ಅದೂ 2013ರಲ್ಲಿ. ಬೆಂಗಳೂರಿನ ನನ್ನ ಚಿಕ್ಕಪ್ಪನ ಮಗ ಆಗಾಗ ಫೋನ್ ಮಾಡಿ "ಅಣ್ಣಾ, ಬರುವಾಗ ಒಂದು ಕಿಟ್ ತಂದುಬಿಡು, ಇಲ್ಲೂ ಶುರು ಮಾಡೋಣ" ಅಂತಾನೆ. ಅವನಿಗೆ ನಾನು ಹೇಳುವುದು ಒಂದೇ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಕಾಯಿಸುವ ಹಾಗಿಲ್ಲ, ಸುಮ್ನೆ ಇಂದಿರಾನಗರಕ್ಕೆ ಹೋಗಿ ಕುಡಿದು ಬಾ.

ಶೀಟಿಗೆ ಬರೋಣ. ಇಲ್ಲಿ ಮನೆಯಲ್ಲಿ ಮಾಡುವವರ ಸಾಮಾನ್ಯ ಅಳತೆ 5 ಗ್ಯಾಲನ್, 19 ಲೀಟರ್ ಹತ್ತಿರ. ಅದಕ್ಕೆ ನಾಲ್ಕೂವರೆ ಕಿಲೋ ಆಸುಪಾಸು ಮಾಲ್ಟ್. ಎರಡು ಮೂರು ಔನ್ಸ್ ಹಾಪ್ಸ್. ಒಂದು ಪ್ಯಾಕೆಟ್ ಯೀಸ್ಟ್. ಪಾತ್ರೆ ತೊಳೆದ ಮೇಲೆ ಹಾಕುವ ಸ್ಯಾನಿಟೈಸರ್. ಇಷ್ಟು ಸೇರಿದರೆ 355 ಮಿಲಿಯ ಬಾಟಲಿ ಐವತ್ತರ ಹತ್ತಿರ ತುಂಬುತ್ತವೆ. ಒಂದು ಕಡೆ ಆನ್‌ಲೈನ್ ಬೆಲೆ, ಇನ್ನೊಂದು ಕಡೆ ನಮ್ಮ ಕಡೆಯ ಅಂಗಡಿಯ ಬೆಲೆ ಬರೆದುಕೊಂಡೆ. ಒಂದೊಂದೇ ಸಾಮಾನು ಹಿಡಿದು ನೋಡಿದರೆ ಹೆಚ್ಚಿನದರಲ್ಲಿ ಆನ್‌ಲೈನೇ ಅಗ್ಗ. ಒರೆಗಾನ್‌ನಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ, ಹಾಗಾಗಿ ಬೇರೆ ರಾಜ್ಯದವರಂತೆ ಆ ಲೆಕ್ಕದ ತಲೆನೋವೂ ಇರಲಿಲ್ಲ.

ಈ ಹುಚ್ಚು ಹಿಡಿಸಿದ್ದು ನನ್ನ ಗೆಳೆಯ, ದಾವಣಗೆರೆಯವನು, ಬೀವರ್ಟನ್‌ನಲ್ಲಿ ಇರುತ್ತಾನೆ. ಅವನು ಶೀಟ್ ನೋಡಿ, "ಏನಲೇ ಇದು, ಬಿಯರ್ ಮಾಡ್ತೀಯೋ ಆಡಿಟ್ ಮಾಡ್ತೀಯೋ?" ಅಂದ. ಆಮೇಲೆ ಮಾಲ್ಟಿನ ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ಪುಡಿ ಮಾಡೋರು ಯಾರು?" ಅಂತ ಕೇಳಿದ.

ಆ ಪ್ರಶ್ನೆ ಶೀಟಿನಲ್ಲಿ ಇರಲಿಲ್ಲ. ಮಾಲ್ಟನ್ನು ಇಡಿಯಾಗಿ ನೀರಿಗೆ ಹಾಕಿದರೆ ಪ್ರಯೋಜನ ಇಲ್ಲ, ಸಕ್ಕರೆ ನೀರಿಗೆ ಸರಿಯಾಗಿ ಇಳಿಯುವುದಿಲ್ಲ. ಒಡೆಯಬೇಕು. ಹಾಗಂತ ಹಿಟ್ಟು ಮಾಡಿದರೂ ಕಷ್ಟ, ಬಿಸಿನೀರಿನಲ್ಲಿ ಗಂಜಿಯಾಗಿ ಕೂತುಬಿಡುತ್ತದೆ, ಸೋಸುವುದಕ್ಕೆ ಬರುವುದಿಲ್ಲ. ಒಳಗಿನ ಬಿಳಿ ತಿರುಳು ಚೂರಾಗಬೇಕು, ಮೇಲಿನ ಹೊಟ್ಟು ಆದಷ್ಟು ಇಡಿಯಾಗಿ ಉಳಿಯಬೇಕು. ಆ ಹೊಟ್ಟೇ ಆಮೇಲೆ ಜರಡಿಯ ಕೆಲಸ ಮಾಡುವುದು. ಮಿಲ್ಲಿನ ಎರಡು ರೋಲರ್ ನಡುವಿನ ಸಂದು ಒಂದು ಮಿಲಿಮೀಟರ್ ಆಸುಪಾಸು ಇರುತ್ತದೆ. ಕೂದಲೆಳೆಯಷ್ಟು ಆಚೀಚೆ ಆದರೂ ಪಾತ್ರೆಯಲ್ಲಿ ಗೊತ್ತಾಗುತ್ತದೆ.

ಆನ್‌ಲೈನ್‌ನವರೂ ಪುಡಿ ಮಾಡಿ ಕಳಿಸುತ್ತಾರೆ. ಒಂದು ಕಡೆಯಿಂದ ತರಿಸಿ ನೋಡಿದೆ. ಚೀಲ ಬಿಚ್ಚಿ ಒಂದು ಹಿಡಿ ಅಂಗೈಗೆ ಸುರಿದುಕೊಂಡರೆ ಬೆಳಗ್ಗೆ ಹೊಲದಿಂದ ಬಂದ ಹಾಗೆ ಇಡೀ ಕಾಳುಗಳು ಅಲ್ಲಲ್ಲಿ ಕೂತಿವೆ. ಉಗುರಿನಿಂದ ಒತ್ತಿದರೆ ಒಡೆಯಲೇ ಇಲ್ಲ. ಒಂದಷ್ಟು ಕಾಳು ಬರೀ ಸೀಳು ಬಿಟ್ಟಿತ್ತು. ಬಿಯರ್ ಆಯಿತು, ಆಗದೆ ಏನು. ಆದರೆ ರಸದಲ್ಲಿ ಸಕ್ಕರೆ ಲೆಕ್ಕಕ್ಕಿಂತ ಕಮ್ಮಿ ಇಳಿದು ತೆಳ್ಳಗೆ ಬಂತು. ಅಂಗಡಿಯಲ್ಲಿ ಈ ತಾಪತ್ರಯ ಇಲ್ಲ. ಹಿಂದಿನ ಕೋಣೆಯಲ್ಲಿ ಮಿಲ್ಲು, ಪಕ್ಕದಲ್ಲಿ ತಕ್ಕಡಿ, ಮುಚ್ಚಳದ ಡಬ್ಬಗಳಲ್ಲಿ ಬಗೆಬಗೆಯ ಮಾಲ್ಟು. ನಾವೇ ತೂಗಿ ಬಕೆಟ್ಟಿಗೆ ಹಾಕಿಕೊಂಡರೆ ಅಂಗಡಿಯಾತ ಮೊದಲು ಕೇಳುವುದು, "ಬಟ್ಟೆ ಚೀಲದಲ್ಲಿ ಮಾಡ್ತೀರಾ, ಜಾಲರಿ ಪಾತ್ರೆಯಲ್ಲಾ?" ಚೀಲದಲ್ಲಿ ಅಂದರೆ ಸ್ವಲ್ಪ ನುಣ್ಣಗೆ ಆದರೂ ನಡೆಯುತ್ತದೆ. ಹಾಸನದಲ್ಲಿ ನಮ್ಮ ಬೀದಿಯ ಹಿಟ್ಟಿನ ಗಿರಣಿಯವನು ರೊಟ್ಟಿಗೋ ಚಕ್ಕುಲಿಗೋ ಅಂತ ಕೇಳದೆ ಅಕ್ಕಿ ಸುರಿಯುತ್ತಿರಲಿಲ್ಲ, ಇದೂ ಹಾಗೇ. ಮೊದಲ ಹಿಡಿ ಪುಡಿಯನ್ನು ತಂದು ತೋರಿಸುತ್ತಾನೆ. ನಾವು ಹೂಂ ಅಂದ ಮೇಲೆ ಉಳಿದದ್ದು.

ಸ್ವಂತ ಮಿಲ್ಲು ಇಟ್ಟುಕೊಂಡರೆ ಲೆಕ್ಕ ಬೇರೆ, ನಿಜ. ಒಡೆಯದ ಮಾಲ್ಟು ತಣ್ಣಗೆ ಒಣಗಿದ ಕಡೆ ತಿಂಗಳುಗಟ್ಟಲೆ ಇರುತ್ತದೆ. 25 ಕಿಲೋ ಮೂಟೆ ತಂದಿಟ್ಟುಕೊಂಡರೆ ಕಿಲೋ ಲೆಕ್ಕದಲ್ಲಿ ತುಂಬಾ ಅಗ್ಗ. ಆದರೆ ಆ ಮೂಟೆಯನ್ನು ಆನ್‌ಲೈನ್‌ನಲ್ಲಿ ತರಿಸಿ ನೋಡಿ. ಇಷ್ಟು ಡಾಲರಿನ ಮೇಲೆ ಕೊಂಡರೆ ಶಿಪ್ಪಿಂಗ್ ಉಚಿತ ಅಂತ ದೊಡ್ಡದಾಗಿ ಬರೆದಿರುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ ಭಾರದ ಸಾಮಾನಿಗೆ ಬೇರೆ ದುಡ್ಡು ಅಂತ ಇರುತ್ತದೆ, ಕೊನೆಯ ಪುಟಕ್ಕೆ ಹೋಗಿ ಕಾರ್ಡ್ ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಮೂಟೆಯ ಅಗ್ಗವೆಲ್ಲ ಲಾರಿ ಬಾಡಿಗೆಗೆ ಹೋಗಿರುತ್ತದೆ. ಮಾಲ್ಟು ಮಾಡುವ ಕಾರ್ಖಾನೆ ನದಿಯ ಆಚೆ ಇರುವಾಗ ಅದನ್ನು ಕ್ಯಾಲಿಫೋರ್ನಿಯಾದಿಂದ ಹೊರಿಸಿಕೊಂಡು ಬರುವುದು ಯಾವ ನ್ಯಾಯ?

ಯೀಸ್ಟ್ ವಿಷಯಕ್ಕೆ ಬಂದರೆ ನನಗೆ ಚರ್ಚೆಯೇ ಬೇಡ ಅನ್ನಿಸಿಬಿಟ್ಟಿದೆ. ಅದಕ್ಕೆ ಕಾರಣ 2021ರ ಜೂನ್ ಕೊನೆಯ ವಾರ. ಈ ಕಡೆ ಇದ್ದವರು ಯಾರೂ ಆ ವಾರ ಮರೆಯುವುದಿಲ್ಲ. ಜೂನ್ 28ರಂದು ಪೋರ್ಟ್‌ಲ್ಯಾಂಡಿನಲ್ಲಿ 116 ಡಿಗ್ರಿ ಫ್ಯಾರನ್‌ಹೀಟ್, 46.7 ಡಿಗ್ರಿ ಸೆಲ್ಸಿಯಸ್. ಕಲಬುರ್ಗಿಯ ಬೇಸಿಗೆಯನ್ನೂ ಮೀರಿಸುವ ಬಿಸಿಲು, ಅದೂ ಎಸಿ ಇಲ್ಲದ ಮನೆಗಳೇ ಎಷ್ಟೋ ಇರುವ ಊರಿನಲ್ಲಿ. ನಾನು ಅದಕ್ಕೆ ಮುಂಚೆಯೇ ದ್ರವರೂಪದ ಯೀಸ್ಟ್ ಆರ್ಡರ್ ಮಾಡಿದ್ದೆ. ಜೊತೆಗೆ ಐಸ್ ಪ್ಯಾಕಿಗೂ ದುಡ್ಡು ಕೊಟ್ಟಿದ್ದೆ. ಪೆಟ್ಟಿಗೆ ವಾರದ ಕೊನೆಯ ದಿನಗಳಲ್ಲಿ ಯಾವುದೋ ಗೋದಾಮಿನಲ್ಲಿ ಕೂತು, ಆಮೇಲೆ ವ್ಯಾನಿನಲ್ಲಿ ತಿರುಗಿ, ಸಂಜೆ ನಮ್ಮ ಬಾಗಿಲಿಗೆ ಬಂತು. ಐಸ್ ಪ್ಯಾಕ್ ಮುಟ್ಟಿದರೆ ಸ್ನಾನದ ನೀರಿನಷ್ಟು ಬೆಚ್ಚಗಿತ್ತು.

ಈ ಯೀಸ್ಟಿನ ಪೊಟ್ಟಣ ನೋಡದವರಿಗೆ ಹೇಳುತ್ತೇನೆ, ಚೆನ್ನಾಗಿದೆ ಅದು. ದಪ್ಪ ಬೆಳ್ಳಿ ಬಣ್ಣದ ಚೀಲ. ಒಳಗೆ ಯೀಸ್ಟ್, ಯೀಸ್ಟಿನ ಜೊತೆ ಇನ್ನೊಂದು ಸಣ್ಣ ಪೊಟ್ಟಣ, ಅದರಲ್ಲಿ ಯೀಸ್ಟಿಗೆ ಆಹಾರ. ಹೊರಗಿನಿಂದ ಬೆರಳಾಡಿಸಿ ಆ ಸಣ್ಣ ಪೊಟ್ಟಣ ಎಲ್ಲಿದೆ ಅಂತ ಹುಡುಕಿ, ಚೀಲವನ್ನು ಅಂಗೈ ಮೇಲಿಟ್ಟು ಇನ್ನೊಂದು ಕೈಯಿಂದ ಟಪ್ ಅಂತ ಹೊಡೆಯಬೇಕು. ಒಳಗಿನದು ಒಡೆಯುತ್ತದೆ. ಜೀವ ಇದ್ದರೆ ಕೆಲವು ಗಂಟೆಗಳಲ್ಲಿ ಚೀಲ ಉಬ್ಬುತ್ತಾ ಬಂದು ದಿಂಬಿನಂತೆ ಬಿಗಿಯಾಗುತ್ತದೆ. ನಾನು ರಾತ್ರಿ ಹೊಡೆದಿಟ್ಟೆ. ಬೆಳಗ್ಗೆ ನನ್ನ ಹೆಂಡತಿ ಕಾಫಿ ಮಾಡುತ್ತಾ, "ರೀ, ನಿಮ್ಮ ಚೀಲ ಹಾಗೇ ಮಲಗಿದೆ" ಅಂದಳು. ಮಧ್ಯಾಹ್ನಕ್ಕೂ ಅದು ಚಪ್ಪಟೆಯೇ. ಮಾರಿದವರಿಗೆ ಬರೆದರೆ ಮರ್ಯಾದೆಯಿಂದಲೇ ದುಡ್ಡು ವಾಪಸ್ ಕೊಟ್ಟರು. ಆದರೆ ಶನಿವಾರಕ್ಕೆ ಅಂತ ಪುಡಿ ಮಾಡಿಸಿಟ್ಟ ಮಾಲ್ಟು, ಬಿಡುವು ಮಾಡಿಕೊಂಡ ದಿನ, ಬರುತ್ತೇನೆ ಅಂದಿದ್ದ ಗೆಳೆಯ, ಇದನ್ನೆಲ್ಲ ಯಾರು ವಾಪಸ್ ಕೊಡುತ್ತಾರೆ?

ದ್ರವ ಯೀಸ್ಟ್ ಫ್ರಿಜ್ಜಿನಲ್ಲಿದ್ದರೂ ದಿನೇ ದಿನೇ ಸಾಯುತ್ತಿರುತ್ತದೆ. ತಿಂಗಳಿಗೆ ಐದರಲ್ಲಿ ಒಂದು ಪಾಲು ಹೋಗುತ್ತದೆ ಅಂತ ಮನೆಯಲ್ಲಿ ಮಾಡುವವರು ಅಂದಾಜು ಹಾಕುತ್ತಾರೆ. ಪೊಟ್ಟಣದ ಮೇಲೆ ತಯಾರಾದ ತಾರೀಖು ಇರುತ್ತದೆ. ಅಂಗಡಿಯಲ್ಲಿ ಗಾಜಿನ ಬಾಗಿಲು ತೆಗೆದು, ಹಿಂದಿನ ಸಾಲಿಗೆ ಕೈ ಹಾಕಿ, ಹೊಸ ತಾರೀಖಿನದನ್ನು ಎತ್ತಿಕೊಳ್ಳಬಹುದು. ಹಾಲಿನ ಪ್ಯಾಕೆಟ್ ತರುವಾಗ ನಾವೆಲ್ಲ ಮಾಡುವುದು ಅದನ್ನೇ ಅಲ್ವಾ. ಆನ್‌ಲೈನ್‌ನಲ್ಲಿ ಆ ಭಾಗ್ಯ ಇಲ್ಲ. ಒಣ ಯೀಸ್ಟ್ ಆದರೆ ಪರವಾಗಿಲ್ಲ, ಯುಎಸ್-05 ಥರದ 11.5 ಗ್ರಾಂ ಪುಟ್ಟ ಪ್ಯಾಕೆಟ್ಟುಗಳು ಗಟ್ಟಿ ಜೀವ. ಒಂದೆರಡು ಯಾವಾಗಲೂ ಫ್ರಿಜ್ಜಿನಲ್ಲಿ ಇರುತ್ತವೆ, ಬೆಣ್ಣೆಯ ಪಕ್ಕ.

ಹಾಪ್ಸ್ ಮಾತ್ರ ಉಲ್ಟಾ. ಈ ಊರಿನಲ್ಲಿ ಇದ್ದುಕೊಂಡು ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ, ನನ್ನ ಹಾಪ್ಸ್ ಹೆಚ್ಚಿನಂಶ ಆನ್‌ಲೈನ್‌ನದೇ. ಯಾಕಿಮಾ ಕಡೆಯಿಂದ ನೇರ ಮಾರುವವರ ಹತ್ತಿರ ಒಂದು ಪೌಂಡಿನ ಪ್ಯಾಕ್ ತರಿಸಿಕೊಂಡರೆ ಔನ್ಸ್ ಲೆಕ್ಕದಲ್ಲಿ ಅಂಗಡಿಯ ಬೆಲೆಗೆ ಹೋಲಿಕೆಯೇ ಇಲ್ಲ. ಪ್ಯಾಕಿನ ಮೇಲೆ ಯಾವ ವರ್ಷದ ಬೆಳೆ, ಕಹಿ ಎಷ್ಟು ಪರ್ಸೆಂಟ್ ಅಂತ ಬರೆದಿರುತ್ತದೆ. ಗಾಳಿ ಹೋಗದ ಹಾಗೆ ಪ್ಯಾಕ್ ಆಗಿರುತ್ತದೆ, ಬಂದ ತಕ್ಷಣ ಫ್ರೀಜರಿಗೆ. ಅಂಗಡಿಗಳಲ್ಲಿ ಜನ ಕೇಳದ ತಳಿಗಳು ಹೋದ ವರ್ಷದ್ದೋ ಅದಕ್ಕೂ ಹಿಂದಿನದ್ದೋ ಉಳಿದಿರುತ್ತವೆ. ಹಳೇ ಹಾಪ್ಸಿಗೆ ಹಳಸಿದ ಚೀಸಿನ ವಾಸನೆ ಬರುತ್ತದೆ. ಒಂದು ಸಲ ಮೂಗಿಗೆ ಬಿದ್ದರೆ ಆಮೇಲೆ ದೂರದಿಂದಲೇ ಗೊತ್ತಾಗುತ್ತದೆ.

ಈಗ ದಾವಣಗೆರೆಯವನ ಬಾಟಲಿ ಕಥೆ. ಅವನ ಬಿಯರಿನಲ್ಲಿ ಒಂದು ವಿಚಿತ್ರ ವಾಸನೆ ಬರುತ್ತಿತ್ತು, ಬ್ಯಾಂಡ್‌ಏಡ್ ಬಿಚ್ಚಿದಾಗ ಬರುತ್ತದಲ್ಲ, ಆಸ್ಪತ್ರೆ ವಾರ್ಡಿನ ವಾಸನೆ, ಅದು. ಪಾತ್ರೆ ಉಜ್ಜಿ ಉಜ್ಜಿ ಸಾಕಾಗಿತ್ತು. ಪೈಪ್ ಬದಲಾಯಿಸಿದ, ಯೀಸ್ಟ್ ಬದಲಾಯಿಸಿದ. ಸಾಮಾನು ಮಾರಿದ ಆನ್‌ಲೈನ್‌ನವರಿಗೆ ಕೇಳಿದರೆ ಸ್ಯಾನಿಟೈಸರ್ ಹೇಗೆ ಹಾಕಬೇಕು ಅನ್ನುವ ಉದ್ದದ ಉತ್ತರ ಬಂತು, ಓದುವುದಕ್ಕೆ ಚೆನ್ನಾಗಿತ್ತು. ಕೊನೆಗೆ ಇಬ್ಬರೂ ಒಂದು ಬಾಟಲಿ ಹಿಡಿದುಕೊಂಡು ಅಂಗಡಿಗೆ ಹೋದೆವು. ಆತ ಒಂದು ಲೋಟಕ್ಕೆ ಸ್ವಲ್ಪ ಬಗ್ಗಿಸಿಕೊಂಡ, ಮೂಸಿದ, ಕುಡಿಯಲೇ ಇಲ್ಲ. "ನೀರು ಯಾವುದು?" ಅಂದ. "ನಲ್ಲಿ ನೀರು." "ಬುಲ್ ರನ್?" "ಹೌದು." "ಏನಾದರೂ ಹಾಕ್ತೀರಾ ಅದಕ್ಕೆ?" "ಇಲ್ಲ, ಕುದಿಸ್ತೀವಲ್ಲ."

ಅಲ್ಲಿಗೆ ಮುಗಿಯಿತು. ಬುಲ್ ರನ್ ಅಂದರೆ ಮೌಂಟ್ ಹುಡ್ ಪಕ್ಕದ ಕಾಡಿನಿಂದ ಪೋರ್ಟ್‌ಲ್ಯಾಂಡಿಗೆ ಬರುವ ನೀರು, ಬಹಳ ಮೆದು, ಕುಡಿಯಲು ಅಮೃತ. ಆದರೆ ಅದನ್ನು ಶುದ್ಧ ಮಾಡಲು ಕ್ಲೋರಿನ್ ಜೊತೆ ಅಮೋನಿಯಾ ಸೇರಿಸುತ್ತಾರೆ, ಎರಡೂ ಸೇರಿ ಕ್ಲೋರಮೀನ್ ಆಗುತ್ತದೆ. ಬರೀ ಕ್ಲೋರಿನ್ ಆದರೆ ಕುದಿಸಿದರೆ ಹಾರಿಹೋಗುತ್ತದೆ. ಕ್ಲೋರಮೀನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಮಾಲ್ಟು, ಯೀಸ್ಟುಗಳಲ್ಲಿನ ಪದಾರ್ಥದ ಜೊತೆ ಸೇರಿ ಆ ಬ್ಯಾಂಡ್‌ಏಡ್ ವಾಸನೆ ಕೊಡುತ್ತದೆ. ಔಷಧಿ ಏನು ಅಂದರೆ ಕ್ಯಾಮ್ಡೆನ್ ಮಾತ್ರೆ. ಒಂದು ಮಾತ್ರೆ 20 ಗ್ಯಾಲನ್ ನೀರಿಗೆ ಸಾಕು. ನಮ್ಮ ಅಳತೆಗೆ ಅರ್ಧ ಮಾತ್ರೆಯೇ ಧಾರಾಳ, ಪುಡಿ ಮಾಡಿ ಹಾಕಿ ಕಲಕಿದರೆ ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಡಬ್ಬಿಯ ಬೆಲೆ ಒಂದು ಕಾಫಿಗಿಂತ ಕಡಿಮೆ. ದಾರಿಯುದ್ದಕ್ಕೂ ಗೆಳೆಯ ತನಗೆ ತಾನೇ "ನೀರಂತೆ, ನೀರು" ಅಂತ ಗೊಣಗಿಕೊಂಡು ಬಂದ. ಮುಂದಿನ ಸಲ ಮಾಡಿದ್ದರಲ್ಲಿ ಆ ವಾಸನೆ ಇರಲಿಲ್ಲ. ಶೀಟಿನಲ್ಲಿ ಇದಕ್ಕೆ ಯಾವ ಕಾಲಮ್ ಹಾಕುವುದು ಹೇಳಿ. ಅಂಗಡಿಯಾತನಿಗೆ ನಮ್ಮ ನಲ್ಲಿ ಗೊತ್ತು, ಆನ್‌ಲೈನ್‌ನವರಿಗೆ ನಮ್ಮ ಪಿನ್‌ಕೋಡ್ ಮಾತ್ರ ಗೊತ್ತು.

ಬಾಟಲಿ ತೊಳೆದು ಸಾಕಾಗಿ ಕೆಗ್ಗಿಗೆ ಬದಲಾದಾಗ ಇನ್ನೊಂದು ಆಟ ಶುರುವಾಯಿತು. ಮನೆಯಲ್ಲಿ ಬಳಸುವ ಕೆಗ್ಗುಗಳು ಹಿಂದೆ ಸೋಡಾ ಕಂಪನಿಗಳು ಬಳಸುತ್ತಿದ್ದ 5 ಗ್ಯಾಲನ್ ಸ್ಟೀಲ್ ಡ್ರಮ್ಮುಗಳು. ಪೆಪ್ಸಿಯವರದು ಬಾಲ್ ಲಾಕ್, ಕೋಕಿನವರದು ಪಿನ್ ಲಾಕ್, ಒಂದಕ್ಕೆ ಇನ್ನೊಂದರ ಪೈಪ್ ಕನೆಕ್ಟರ್ ಕೂರುವುದಿಲ್ಲ. ಇವನ್ನೂ, ಇವಕ್ಕೆ ಬೇಕಾದ ವಾಷರ್, ಓ-ರಿಂಗ್, ವಾಲ್ವು ಇತ್ಯಾದಿ ಚಿಲ್ಲರೆಯನ್ನೂ ಆನ್‌ಲೈನ್‌ನಲ್ಲೇ ತರಿಸುವುದು ಒಳ್ಳೆಯದು. ಬೇಕಾದ ಸೈಜು ಅಂಗಡಿಯಲ್ಲಿ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಆದರೆ ಕೆಗ್ಗಿಗೆ ಕಾರ್ಬನ್ ಡೈಆಕ್ಸೈಡ್ ಬೇಕಲ್ಲ. ಸಿಲಿಂಡರ್ ಆನ್‌ಲೈನ್‌ನಲ್ಲಿ ಬರುತ್ತದೆ, ಖಾಲಿ. ಗ್ಯಾಸ್ ತುಂಬಿಸಲು ಊರಿನಲ್ಲೇ ಯಾರಾದರೂ ಬೇಕು. ನನ್ನದು ಹೊಳೆಯುವ ಹೊಸ ಅಲ್ಯೂಮಿನಿಯಂ ಸಿಲಿಂಡರ್, ಅದನ್ನು ಎತ್ತಿಕೊಂಡು ವೆಲ್ಡಿಂಗ್ ಗ್ಯಾಸ್ ಮಾರುವವರ ಹತ್ತಿರ ಹೋದೆ. ಅವರು ತುಂಬಿಸಿ ಕೊಡುವುದಿಲ್ಲ, ಖಾಲಿಯದನ್ನು ಇಟ್ಟುಕೊಂಡು ತುಂಬಿದ ಬೇರೆಯದನ್ನು ಕೊಡುತ್ತಾರೆ. ಕೈಗೆ ಬಂದದ್ದು ಬಣ್ಣ ಎದ್ದ ಹಳೇ ಉಕ್ಕಿನದು! ಸಿಲಿಂಡರಿಗೆ 5 ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು, ಆ ತಾರೀಖು ಹೆಗಲ ಹತ್ತಿರ ಒತ್ತಿರುತ್ತದೆ. ಬದಲಿ ಪದ್ಧತಿಯಲ್ಲಿ ಆ ತಲೆನೋವು ಅವರದೇ, ಅದೊಂದು ಲಾಭ. ಹಾಗಾಗಿ ಹೊಸ ಸಿಲಿಂಡರಿಗೆ ಆನ್‌ಲೈನ್‌ನಲ್ಲಿ ದುಡ್ಡು ಸುರಿಯಬೇಡಿ, ಮೊದಲು ಊರಿನಲ್ಲಿ ತುಂಬಿಸುತ್ತಾರೋ ಬದಲಾಯಿಸುತ್ತಾರೋ ಅಂತ ಫೋನ್ ಮಾಡಿ ಕೇಳಿ.

ಇನ್ನು ಯಾರೂ ಲೆಕ್ಕಕ್ಕೆ ಹಿಡಿಯದ ಮೂರನೇ ದಾರಿ ಒಂದಿದೆ. ಬೆಲ್ಜಿಯಂ ಕಡೆಯ ವಿಟ್ ಅನ್ನುವ ಗೋಧಿ ಬಿಯರಿಗೆ ಕೊತ್ತಂಬರಿ ಬೀಜ ಹಾಕುತ್ತಾರೆ. ಹೋಂಬ್ರೂ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಅದು ಒಂದು ಔನ್ಸಿನ ಪುಟ್ಟ ಪೊಟ್ಟಣದಲ್ಲಿ, ಚಿನ್ನದ ಬೆಲೆಗೆ. ಬೀವರ್ಟನ್‌ನ ಇಂಡಿಯನ್ ಸ್ಟೋರಿನಲ್ಲಿ ಅದೇ ದುಡ್ಡಿಗೆ ಸಾರಿನ ಪುಡಿಗೂ ಮಿಕ್ಕುವಷ್ಟು ಬರುತ್ತದೆ. ಇದು ಬರೀ ಜಿಪುಣತನ ಅಲ್ಲ. ನಮ್ಮ ಕಡೆಯ ಬೀಜ ಉದ್ದುದ್ದ, ತಿಳಿ ಬಣ್ಣದ್ದು, ಅದರಲ್ಲಿ ಕಿತ್ತಳೆ ಸಿಪ್ಪೆಯ ಪರಿಮಳ ಜಾಸ್ತಿ ಅಂತ ಇಲ್ಲಿನ ಬಿಳಿ ಹೋಂಬ್ರೂಗಾರರೇ ಹುಡುಕಿಕೊಂಡು ಇಂಡಿಯನ್ ಸ್ಟೋರಿಗೆ ಬರುತ್ತಾರೆ. ಅಂಗಡಿಯಾತನೇ ನನಗೆ "ನಿಮ್ಮವರ ಅಂಗಡಿಗೆ ಹೋಗಿ, ನನ್ನದು ಬೇಡ" ಅಂದಿದ್ದ. ಹಾಗೇ ದೊಡ್ಡ ಪಾತ್ರೆ ಬೇಕಾದರೆ ಹೋಟೆಲ್ ಸಾಮಾನು ಮಾರುವ ಕಡೆ ನೋಡಿ. ಬ್ರೂ ಕೆಟಲ್ ಅಂತ ಹೆಸರು ಬಿದ್ದ ಕೂಡಲೇ ಅದೇ ಸ್ಟೀಲಿಗೆ ಬೆಲೆ ಏರುತ್ತದೆ. ನಮ್ಮಮ್ಮ ಊರಿನಿಂದ ಬಂದಾಗ ನನ್ನ ಪಾತ್ರೆ ನೋಡಿ, "ಇದ್ರಲ್ಲಿ ಐವತ್ತು ಜನಕ್ಕೆ ಹುಳಿ ಮಾಡಬಹುದಲ್ಲೋ" ಅಂದಿದ್ದರು. ಮಾಡಿಯೂ ಮಾಡಿದೆವು, ಕನ್ನಡ ಕೂಟದ ಯುಗಾದಿಗೆ. ಚೆನ್ನಾಗಿ ತೊಳೆದೇ ಬಳಸಿದ್ದು, ಬಿಡಿ.

ಇತ್ತೀಚೆಗೆ ದೇಶದ ತುಂಬ ಸಣ್ಣ ಹೋಂಬ್ರೂ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಅದನ್ನು ಹೇಳಿ ಯಾರಿಗೂ ಪಾಪಪ್ರಜ್ಞೆ ಹುಟ್ಟಿಸುವುದು ನನ್ನ ಉದ್ದೇಶ ಅಲ್ಲ. ಅಂಗಡಿ ಉದ್ಧಾರ ಮಾಡಲು ಅಂತ ನಾನೂ ಹೋಗುವುದಿಲ್ಲ. ನನಗೆ ಪುಡಿ ಮಾಡಿದ ಮಾಲ್ಟು ಬೇಕು, ತಾಜಾ ಯೀಸ್ಟು ಬೇಕು, ಅದಕ್ಕೆ ಹೋಗುತ್ತೇನೆ. ಆದರೆ ಒಂದು ಗಂಟೆ ಅಲ್ಲಿ ನಿಂತು ಎಲ್ಲ ಡಬ್ಬದ ಕಾಳನ್ನೂ ಬಾಯಿಗೆ ಹಾಕಿಕೊಂಡು, ಆತನ ತಲೆ ತಿಂದು, ಹೊರಗೆ ಬಂದು ಕಾರಿನಲ್ಲಿ ಕೂತೇ ಫೋನಿನಲ್ಲಿ ಅದನ್ನೇ ಎರಡು ಡಾಲರ್ ಕಮ್ಮಿಗೆ ಆರ್ಡರ್ ಮಾಡುವವರನ್ನು ನೋಡಿದ್ದೇನೆ. ಅದು ನನಗೆ ಸರಿ ಕಾಣುವುದಿಲ್ಲ. ಕೇಳಿದ್ದಕ್ಕೂ ಒಂದು ಬೆಲೆ ಇದೆ, ಬಿಲ್ಲಿನಲ್ಲಿ ಬೇರೆಯಾಗಿ ಕಾಣುವುದಿಲ್ಲ ಅಷ್ಟೇ.

ಇದೇ ಮಾತನ್ನು ಐಡಾಹೋದ ಯಾವುದೋ ಮೂಲೆಯಲ್ಲಿ ಇರುವವರಿಗೆ ನಾನು ಹೇಳುವುದಿಲ್ಲ. ಹತ್ತಿರದ ಅಂಗಡಿ ಎರಡು ಗಂಟೆ ದೂರ ಇದ್ದರೆ ಆನ್‌ಲೈನೇ ದೇವರು. ಅಂಥವರು ಒಂದು ಸಣ್ಣ ಮಿಲ್ಲು ಕೊಂಡು, ಒಣ ಯೀಸ್ಟ್ ಹಿಡಿದು, ಹಾಪ್ಸನ್ನು ಪೌಂಡಿನಲ್ಲಿ ತರಿಸಿ ಫ್ರೀಜರಿನಲ್ಲಿ ಇಟ್ಟುಕೊಂಡರೆ ಯಾರ ಹಂಗೂ ಇಲ್ಲ. ದ್ರವ ಯೀಸ್ಟೇ ಬೇಕು ಅಂದರೆ ಚಳಿಗಾಲದಲ್ಲಿ, ಅದೂ ಸೋಮವಾರ ಹೊರಡುವ ಹಾಗೆ ಆರ್ಡರ್ ಮಾಡಬೇಕು. ಶುಕ್ರವಾರ ಹೊರಟ ಪೆಟ್ಟಿಗೆ ಶನಿವಾರ, ಭಾನುವಾರ ಎಲ್ಲಿ ಕೂತಿರುತ್ತದೆ ಅಂತ ಹೇಳಲಾಗದು.

ಹೊಸದಾಗಿ ಶುರು ಮಾಡುವವರು ನನ್ನನ್ನು ಕೇಳಿದರೆ, ಮೊದಲ ಸಲಕ್ಕೆ ಅಂಗಡಿಗೇ ಹೋಗಿ ಅಂತೀನಿ, ಜೇಬಿನಲ್ಲಿ ನಿಮ್ಮ ಪಾತ್ರೆಯ ಅಳತೆ ಬರೆದುಕೊಂಡು. ಆನ್‌ಲೈನ್ ಕಿಟ್ಟುಗಳಲ್ಲಿ ಬರುವ ಅರ್ಧ ಸಾಮಾನು ಅಟ್ಟ ಸೇರುತ್ತದೆ. ದೊಡ್ಡ ಗಾಜಿನ ಜಾಡಿ ಮಾತ್ರ ಎಲ್ಲಿಂದಲೂ ಬೇಡ. ಒದ್ದೆ ಕೈಯಿಂದ ಜಾರಿದರೆ ಕಾಲು ಸೀಳುತ್ತದೆ, ಪ್ಲಾಸ್ಟಿಕ್ ಬಕೆಟ್ಟಿನಲ್ಲೂ ಬಿಯರ್ ಅಷ್ಟೇ ಚೆನ್ನಾಗಿ ಆಗುತ್ತದೆ.

ಆಗಸ್ಟ್ ಕೊನೆ ಬಂತೆಂದರೆ ಇಲ್ಲಿ ಹಾಪ್ಸ್ ಕೊಯ್ಲು. ಹಸಿ ಹಾಪ್ಸನ್ನು ಕೊಯ್ದ ಒಂದು ದಿನದೊಳಗೆ ಪಾತ್ರೆಗೆ ಹಾಕಬೇಕು, ಒಣಗಿದ್ದಕ್ಕಿಂತ ನಾಲ್ಕೈದು ಪಟ್ಟು ಜಾಸ್ತಿ ಬೇಕು, ಯಾವ ಕೊರಿಯರಿಗೂ ಅದನ್ನು ನೆಚ್ಚಿ ಕೊಡಲಾಗದು. ಅಂಗಡಿಯಲ್ಲಿ ಹೆಸರು ಬರೆಸಿ ಬಂದಿದ್ದೇವೆ. ತೋಟದಿಂದ ಬಂದ ಕೂಡಲೇ ಆತ ಫೋನ್ ಮಾಡುತ್ತಾನೆ, ಆಫೀಸಿನಲ್ಲಿ ಮೀಟಿಂಗ್ ಇದ್ದರೂ ದಾವಣಗೆರೆಯವನು ಎದ್ದು ಹೋಗಿ ತರುತ್ತಾನಂತೆ. ಕೆಗ್ಗಿನ ಓ-ರಿಂಗ್ ಆನ್‌ಲೈನ್‌ನಿಂದ ಗುರುವಾರ ಬರಬೇಕು.